ಸವೆದ ಗೇರ್ ನಾಬ್‌ಗೆ ಕರಿಜಾಲಿಯ ಗುಂಡು

ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ದಾರಿ ಹಿಡಿದ ಮೇಲೆ ಚಾಲಕನ ಎಡಗೈಗೆ ಬಿಡುವೇ ಇಲ್ಲ. ಮೂರರಿಂದ ಎರಡಕ್ಕೆ, ತಿರುವು ಕಳೆದರೆ ಮತ್ತೆ ಮೂರಕ್ಕೆ, ಎದುರಿಗೆ ಬಸ್ಸು ಬಂದರೆ ಒಂದಕ್ಕೆ. ಅದೇ ಕಾರು ಕಡೂರು–ಬೀರೂರಿನ ಹೆದ್ದಾರಿಗೆ ಇಳಿದು ಟಾಪ್ ಗೇರ್‌ಗೆ ಬಿದ್ದರೆ ಕೈಗೆ ಕೆಲಸವಿಲ್ಲ. ಆದರೂ ಕೈ ಹೋಗಿ ಕೂರುವುದು ಗೇರ್ ರಾಡಿನ ತಲೆಯ ಮೇಲೇ. ಇಪ್ಪತ್ತು ಮೂವತ್ತು ವರ್ಷ ಹೀಗೆ ಅಂಗೈಯ ಬೆವರು ಕುಡಿದು, ಉಂಗುರದ ಉಜ್ಜು ತಿಂದು, ಕಿಟಕಿಯ ಬಿಸಿಲಲ್ಲಿ ಬೆಂದ ಗೇರ್ ನಾಬ್ ಒಂದು ದಿನ ಕೈಗೇ ಕಳಚಿ ಬರುತ್ತದೆ.

ಇಂಜಿನ್ನಿಗೆ ಹೋಲಿಸಿದರೆ ಇದು ಏನೂ ಅಲ್ಲದ ಬಿಡಿಭಾಗ. ಆದರೆ ಇಡೀ ಗೇರ್ ಬಾಕ್ಸಿನ ಜೊತೆ ಚಾಲಕ ಮಾತಾಡುವುದು ಈ ಒಂದು ಗುಂಡಿನ ಮೂಲಕ. ಹಲ್ಲು ಕೂತಿತೋ ಇಲ್ಲವೋ, ಕ್ಲಚ್ ಪೂರ್ತಿ ಬಿಟ್ಟಿದೆಯೋ ಇಲ್ಲವೋ ಎಂಬುದೆಲ್ಲ ಕಿವಿಗೆ ಮುಟ್ಟುವ ಮೊದಲು ಅಂಗೈಗೆ ಮುಟ್ಟುತ್ತದೆ. ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ನಾಬ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಕರ್ನಾಟಕದಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಎಂದರೆ ಯಾವುದು? ನೆನಪಿಗೆ ಬರುವ ಎರಡೂ ಹೆಸರಿಗೆ ಬೆಂಗಳೂರಿನ ನಂಟಿದೆ. ಒಂದು, ಸಿಪಾನಿ ಕಂಪನಿ 1982ರಲ್ಲಿ ತಂದ ಡಾಲ್ಫಿನ್. ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಪುಟ್ಟ ಕಾರೇ ಇದರ ಮೂಲ. 848 ಸಿಸಿ ಇಂಜಿನ್, ಫೈಬರ್ ಗ್ಲಾಸ್ ಮೈ. ಹೆಸರಿಗೆ ಮನೆಮಂದಿಯ ಕಾರು, ಆದರೆ ಮೈ ಹಗುರವಾಗಿದ್ದರಿಂದ ರ್‍ಯಾಲಿಗೆ ಇಳಿದವರು ಅದನ್ನು ಇಷ್ಟಪಟ್ಟರು. ಮರುವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮಾರುಕಟ್ಟೆ ಅತ್ತ ಹೊರಳಿತು. ಇನ್ನೊಂದು, 1990ರ ದಶಕದ ಕೊನೆಗೆ ಬಂದ ಸ್ಯಾನ್ ಸ್ಟಾರ್ಮ್. ಎರಡು ಬಾಗಿಲು, ಎರಡು ಸೀಟು, ತೆರೆಯುವ ಮೇಲ್ಛಾವಣಿ, ರೆನೋದ 1149 ಸಿಸಿ ಇಂಜಿನ್, ಇದಕ್ಕೂ ಫೈಬರ್ ಗ್ಲಾಸ್ ಮೈ. ತಯಾರಾಗಿದ್ದು ಗೋವಾದಲ್ಲಿ, ಹಿಂದಿದ್ದದ್ದು ರೈಲು ಇಂಜಿನ್ ಕಟ್ಟುವ ಬೆಂಗಳೂರಿನ ಸ್ಯಾನ್ ಸಂಸ್ಥೆ. ಎರಡೂ ಕಾರುಗಳ ತಯಾರಿಕೆ ನಿಂತು ಬಹಳ ಕಾಲವಾಯಿತು. ಇವುಗಳ ನಾಬ್ ಬೇಕೆಂದು ಅಂಗಡಿಗೆ ಹೋದರೆ ಸಿಗುವುದಿಲ್ಲ. ಆಗ ಉಳಿಯುವ ದಾರಿ ತಾಲ್ಲೂಕು ಪೇಟೆಯ ಲೇತ್ ಅಂಗಡಿ.

ಚಿಕ್ಕಮಗಳೂರು ಜಿಲ್ಲೆಗೆ ಈ ಮಾತು ಹೊರಗಿನದಲ್ಲ. ಇಲ್ಲಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಸರಣಿಯ ಭಾರತದ ಸುತ್ತು ನಡೆದಿದೆ. ರ್‍ಯಾಲಿಯ ದೂಳು ನೋಡುತ್ತ ಬೆಳೆದ ಹುಡುಗರು ಹಳೆಯ ಜಿಪ್ಸಿ, ಹಳೆಯ ಜೆನ್ ಹುಡುಕಿ ತಂದು ಸರಿಮಾಡಿಕೊಳ್ಳುವುದು ಮಲೆನಾಡಿನಲ್ಲಿ ಕಾಣುವ ದೃಶ್ಯವೇ. ಸವೆದ ನಾಬಿನ ವಿಚಾರದಲ್ಲಿ ಸ್ಟಾರ್ಮ್‌ಗೂ ಜೆನ್ನಿಗೂ ವ್ಯತ್ಯಾಸವಿಲ್ಲ.

ಸವೆತದಲ್ಲೂ ಬಗೆಗಳಿವೆ. ಗಟ್ಟಿ ಪ್ಲಾಸ್ಟಿಕ್ಕಿನ ನಾಬಿನಲ್ಲಿ ಮೊದಲು ಅಂಕಿಗಳು ಅಳಿಯುತ್ತವೆ, ಆಮೇಲೆ ಒಳಗಿನ ಥ್ರೆಡ್ ಸವೆದು ಗುಂಡು ಗಿರಗಿರ ಸುತ್ತುತ್ತದೆ. ಚರ್ಮ ಹೊಲಿದದ್ದಾದರೆ ಬೆವರಿನ ಉಪ್ಪಿಗೆ ಒಣಗಿ ಬಿರಿಯುತ್ತದೆ. ಒಳಗಿನ ಗುಂಡು ಗಟ್ಟಿಯಿದ್ದರೆ ಸೀಟು ಹೊಲಿಯುವ ಕುಶನ್ ಅಂಗಡಿಯಲ್ಲೇ ಹೊಸ ಚರ್ಮ ಹಾಕಿಸಬಹುದು. ಮೆತ್ತನೆಯ ರಬ್ಬರಿನಂಥ ಲೇಪ ಇರುವ ನಾಬ್‌ಗಳದ್ದು ಬೇರೆ ಕತೆ. ಗಾಳಿಯ ತೇವಕ್ಕೆ ಆ ಲೇಪ ಒಡೆದು ಅಂಟಂಟಾಗುತ್ತದೆ, ಎಷ್ಟು ಒರೆಸಿದರೂ ಕೈಗೆ ಕಪ್ಪು ಹತ್ತುತ್ತದೆ. ಅದನ್ನು ಬದಲಿಸುವುದೇ ಸರಿ.

ಹಾಗೆಂದು ಅಲ್ಲಾಡುವುದೆಲ್ಲ ನಾಬಿನ ತಪ್ಪಲ್ಲ. ಗುಂಡನ್ನು ಒಂದು ಕೈಯಲ್ಲಿ, ಅದರ ಕೆಳಗಿನ ರಾಡನ್ನು ಇನ್ನೊಂದು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ರಾಡು ನಿಂತು ಗುಂಡು ಮಾತ್ರ ಅಲ್ಲಾಡಿದರೆ ನಾಬ್ ಹೋಗಿದೆ. ಎರಡೂ ಒಟ್ಟಿಗೆ ಓಲಾಡಿದರೆ ಕೆಳಗಿನ ಬುಶ್ ಸವೆದು ‘ಪ್ಲೇ’ ಬಂದಿದೆ ಎಂದರ್ಥ. ಅಲ್ಲಿ ಚಿನ್ನದ ನಾಬ್ ಹಾಕಿದರೂ ಪ್ರಯೋಜನವಿಲ್ಲ. ಇನ್ನು ನಾಬಿನ ಮೇಲೆ ಕೈಯಿಟ್ಟೇ ಓಡಿಸುವ ಅಭ್ಯಾಸ ಬಿಡುವುದು ಒಳ್ಳೆಯದು. ಆ ಭಾರ ರಾಡಿನ ಮೂಲಕ ಇಳಿದು ಗೇರ್ ಬಾಕ್ಸಿನ ಒಳಗಿನ ಫೋರ್ಕನ್ನು ಸುತ್ತುತ್ತಿರುವ ಸ್ಲೀವ್‌ಗೆ ಸದಾ ಒತ್ತಿ ಹಿಡಿಯುತ್ತದೆ. ನಾಬ್ ಸವೆದರೆ ಕಾಣುತ್ತದೆ, ಫೋರ್ಕ್ ಸವೆಯುವುದು ಕಾಣುವುದಿಲ್ಲ.

ಬಿಚ್ಚುವಾಗ ಅವಸರ ಬೇಡ. ಹೆಚ್ಚಿನವು ಎಡಕ್ಕೆ ತಿರುಗಿಸಿದರೆ ಬರುತ್ತವೆ, ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ, ಕೆಲವು ಒತ್ತಿ ಕೂರಿಸಿದಂಥವು. ರಿವರ್ಸ್‌ಗೆ ಎತ್ತುವ ಉಂಗುರ ಇರುವ ಕಾರಿನಲ್ಲಿ ಉಂಗುರವೂ ಅದರ ಸ್ಪ್ರಿಂಗೂ ಯಾವ ಕ್ರಮದಲ್ಲಿದ್ದವು ಎಂಬುದಕ್ಕೆ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಬೇಕು. ಬಿಗಿದುಕೊಂಡ ನಾಬಿಗೆ ಪೈಪ್ ಪಾನಾ ಹಾಕಿ ಎಳೆದರೆ ಆ ತಿರುಚು ಪೂರ್ತಿ ಕೆಳಗಿನ ಲಿಂಕೇಜಿಗೆ ಹೋಗುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟು, ರಾಡನ್ನು ಇನ್ನೊಂದು ಕೈಯಲ್ಲಿ ಗಟ್ಟಿ ಹಿಡಿದು ತಿರುಗಿಸುವುದು ವಾಸಿ.

ಲೇತ್ ಮೇಸ್ತ್ರಿ ಮೊದಲು ನೋಡುವುದು ಥ್ರೆಡ್. ಎಡವುವ ಜಾಗವೂ ಇದೇ. ಜಪಾನ್ ಮೂಲದ ಕಾರುಗಳಲ್ಲಿ ಮಿಲಿಮೀಟರ್ ಥ್ರೆಡ್ಡು. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಇಂಚಿನದು. 8 ಮಿ.ಮೀ. ರಾಡೂ 5/16 ಇಂಚಿನ ರಾಡೂ ಕಣ್ಣಿಗೆ ಒಂದೇ. ವರ್ನಿಯರ್ ಇಟ್ಟರೆ ಎರಡನೆಯದು 7.94 ಮಿ.ಮೀ. ಬರುತ್ತದೆ, ಅಷ್ಟೇ. ಆದರೆ 8 ಮಿ.ಮೀ. ಸಾಮಾನ್ಯ ಥ್ರೆಡ್ಡಿನಲ್ಲಿ ಒಂದು ಸುತ್ತಿಗೂ ಇನ್ನೊಂದಕ್ಕೂ 1.25 ಮಿ.ಮೀ. ಅಂತರ, ಇಂಚಿನ ಫೈನ್ ಥ್ರೆಡ್ಡಿನಲ್ಲಿ ಒಂದು ಇಂಚಿಗೆ 24 ಸುತ್ತು, ಅಂದರೆ ಅಂತರ 1.06 ಮಿ.ಮೀ. ಒಂದಕ್ಕೊಂದು ಹಾಕಿದರೆ ಮೊದಲ ಸುತ್ತು ಹಿಡಿಯುತ್ತದೆ, ಎರಡನೆಯದಕ್ಕೆ ಬಿಗಿಯುತ್ತದೆ, ಮೂರನೆಯದಕ್ಕೆ ರಾಡಿನ ಥ್ರೆಡ್ಡೇ ಹಾಳಾಗುತ್ತದೆ. ಬಾಚಣಿಗೆಯಂಥ ಥ್ರೆಡ್ ಗೇಜನ್ನು ರಾಡಿನ ಮೇಲಿಟ್ಟು ಬೆಳಕಿಗೆ ಹಿಡಿದಾಗ ಗೇಜಿನ ಹಲ್ಲಿಗೂ ರಾಡಿನ ಥ್ರೆಡ್ಡಿಗೂ ನಡುವೆ ಬೆಳಕು ನುಸುಳದಿದ್ದರೆ ಅದೇ ಸರಿಯಾದ ಅಳತೆ. ಈ ಅರ್ಧ ನಿಮಿಷದ ಕೆಲಸ ತಪ್ಪಿಸಿ ಅಂದಾಜಿನ ಮೇಲೆ ನಾಬ್ ಕೊಂಡು ತಂದವರೇ ಆಮೇಲೆ ರಾಡಿಗೆ ವೆಲ್ಡಿಂಗ್ ಮಾಡಿಸುವವರು.

ಇನ್ನು ಗುಂಡು ಯಾವುದರದ್ದಿರಬೇಕು? 5 ಸೆಂ.ಮೀ. ಅಡ್ಡಳತೆಯ ಗುಂಡು ಎಂದಿಟ್ಟುಕೊಂಡರೆ ಉಕ್ಕಿನದು ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಲ್ಯೂಮಿನಿಯಂ 175 ಗ್ರಾಂ ಆಸುಪಾಸು, ಗಟ್ಟಿ ಮರ 50ರಿಂದ 55 ಗ್ರಾಂ. ಭಾರದ ಗುಂಡಿಗೆ ಒಂದು ಅನುಕೂಲವಿದೆ. ಕೈ ಕೊಟ್ಟ ವೇಗವನ್ನು ಅದು ಹಿಡಿದಿಟ್ಟುಕೊಂಡು ಗೇರನ್ನು ತಾನೇ ಒಳಗೆ ನೂಕಿದಂತೆ ಅನಿಸುತ್ತದೆ. ಆದರೆ ಸವೆದ ಹಳೆಯ ಗೇರ್ ಬಾಕ್ಸಿನಲ್ಲಿ, ಗುಂಡಿಬಿದ್ದ ರಸ್ತೆಯಲ್ಲಿ ಅದೇ ಭಾರ ಕುಲುಕಿ ಗೇರ್ ತಪ್ಪಿಸಲೂಬಹುದು. ಲೋಹಕ್ಕೆ ಬಿಸಿಲಿನ ಕಾಟ ಬೇರೆ. ಏಪ್ರಿಲ್ ಮಧ್ಯಾಹ್ನ ಕಡೂರಿನ ಬಯಲಲ್ಲಿ ನಿಂತ ಕಾರಿನ ಉಕ್ಕಿನ ನಾಬನ್ನು ಬರಿಗೈಯಲ್ಲಿ ಹಿಡಿಯಲಾಗದು. ಮರ ಕೈಯನ್ನು ಹಾಗೆ ಸುಡುವುದಿಲ್ಲ.

ಮರದ ಗುಂಡು ಅಗ್ಗದ ಉಪಾಯವಲ್ಲ ಎಂಬುದಕ್ಕೆ ದೊಡ್ಡ ಸಾಕ್ಷಿಯೇ ಇದೆ. 1970ರಲ್ಲಿ ಪೋರ್ಷೆ ಕಂಪನಿಗೆ ಲ ಮಾನ್ 24 ಗಂಟೆಗಳ ಓಟದ ಮೊದಲ ಒಟ್ಟಾರೆ ಗೆಲುವು ತಂದುಕೊಟ್ಟ 917 ಕಾರಿನ ಗೇರ್ ನಾಬ್ ಬಾಲ್ಸಾ ಮರದ್ದು. ಒಂದೊಂದು ಗ್ರಾಂ ಲೆಕ್ಕಹಾಕಿ ಕಾರಿನ ತೂಕ ಇಳಿಸುತ್ತಿದ್ದ ಎಂಜಿನಿಯರುಗಳು ಬೆಂಡಿನಷ್ಟು ಹಗುರದ ಆ ಮರವನ್ನು ಆರಿಸಿಕೊಂಡಿದ್ದರು. ಮೂರು ದಶಕಗಳ ನಂತರ ಅದೇ ಕಂಪನಿ ಕರೇರಾ ಜಿಟಿ ಕಾರಿಗೆ ಮರದ ನಾಬ್ ಇಟ್ಟು ಅದನ್ನು ನೆನಪಿಸಿಕೊಂಡಿತು.

ನಮ್ಮಲ್ಲಿ ಮರ ಎಂದೊಡನೆ ಬೀಟೆಯ ನೆನಪಾಗುತ್ತದೆ. ಬೀಟೆ ಚೆಂದವೇ; ಹೊಸ ತುಂಡಿಗಾಗಿ ಕಾಡಿನತ್ತ ನೋಡುವುದು ಮಾತ್ರ ಬೇಡ. ಮನೆಯ ಅಟ್ಟದಲ್ಲಿ ಮುರಿದ ಮಂಚದ ಕಾಲೊಂದಿದ್ದರೆ ಅದರಲ್ಲೇ ಎರಡು ನಾಬ್ ಆಗುತ್ತವೆ. ತೆಂಗಿನ ಸೀಮೆಯಾದ ಕಡೂರಿನವರಿಗೆ ತೆಂಗಿನ ಮರ ಹೊಳೆಯಬಹುದು. ಹಳೆಯ ತೆಂಗಿನ ಹೊರಭಾಗ ಗಟ್ಟಿ, ನಾರಿನ ಕಪ್ಪು ಚುಕ್ಕಿ ನೋಡಲು ಸೊಗಸು. ತೊಡಕೆಂದರೆ ಒಳಗೆ ಹೋದಂತೆ ಮರ ಮೆತ್ತಗೆ. ಗುಂಡಿನಷ್ಟು ದಪ್ಪಕ್ಕೂ ಗಟ್ಟಿಭಾಗವೇ ಸಿಗುವ ತುಂಡು ಹುಡುಕಬೇಕು.

ಈ ಸೀಮೆಗೆ ಒಪ್ಪುವ ಮರ ಕರಿಜಾಲಿ. ಕೆರೆ ಏರಿಯ ಮೇಲೆ, ಕಾವಲಿನಲ್ಲಿ ತಾನಾಗಿ ಬೆಳೆಯುವ ಈ ಮುಳ್ಳಿನ ಮರವನ್ನೇ ಬಯಲುಸೀಮೆಯ ಬಡಗಿಗಳು ಎತ್ತಿನ ಗಾಡಿಯ ಚಕ್ರಕ್ಕೂ ನೇಗಿಲಿಗೂ ಆರಿಸುತ್ತಿದ್ದರು. ಅಜ್ಜಂಪುರದ ಮಟ್ಟಿಗೆ ಇದಕ್ಕೆ ಇನ್ನೊಂದು ಅರ್ಥವೂ ಇದೆ. 1929ರಲ್ಲಿ ಆರಂಭವಾದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದು ಅಲ್ಲೇ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಿಂದ ಬಂದ, ಹೈದರ್–ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ, ಓಟಕ್ಕೂ ತಾಳಿಕೆಗೂ ಹೆಸರಾದ ತಳಿ ಅದು. ಸ್ಪೋರ್ಟ್ಸ್ ಕಾರು ಹುಟ್ಟುವ ಎಷ್ಟೋ ಮೊದಲು ಈ ನೆಲದಲ್ಲಿ ವೇಗ ಎಂದರೆ ಅಮೃತ್ ಮಹಲ್ ಜೋಡಿ. ಆ ಕಾಲದ ಗಾಡಿಯ ಭಾರ ಹೊತ್ತ ಜಾತಿಯ ಮರ ಕಾರಿನ ಗೇರ್ ಮೇಲೂ ಕೂರಬಲ್ಲದು. ಚೆನ್ನಾಗಿ ಒಣಗಿದ ತುಂಡು ಬೇಕು, ಅಷ್ಟೇ. ಹಸಿ ಮರ ಕಡೆದರೆ ಒಣಗುತ್ತ ಬಿರುಕು ಬಿಡುತ್ತದೆ.

ಮರಕ್ಕೇ ನೇರವಾಗಿ ಥ್ರೆಡ್ ಹೊಡೆಯಬಾರದು. ಒಂದೆರಡು ಸಲ ಬಿಚ್ಚಿ ಹಾಕುವುದರಲ್ಲಿ ಪುಡಿಯಾಗುತ್ತದೆ. ಮೊದಲು ಹಿತ್ತಾಳೆಯ ಬುಶ್ ಮಾಡಬೇಕು. ರಾಡು 10 ಮಿ.ಮೀ., ಪಿಚ್ 1.5 ಆದರೆ ಹಿತ್ತಾಳೆಗೆ 8.5 ಮಿ.ಮೀ. ತೂತು, ಪಿಚ್ 1.25 ಆದರೆ 8.8. ಆಮೇಲೆ ಟ್ಯಾಪ್. ಇಲ್ಲಿ ನುರಿತ ಕೈ ಗೊತ್ತಾಗುತ್ತದೆ: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹಿತ್ತಾಳೆಯ ಚೂರು ಮುರಿದು ಉದುರಲು ಬಿಟ್ಟು ಮತ್ತೆ ಅರ್ಧ ಸುತ್ತು. ಬುಶ್ಶಿನ ಹೊರಮೈಗೆ ಗೀರು ಹೊಡೆದು, ಮರದ ತೂತಿಗೆ ಎಪಾಕ್ಸಿ ಹಚ್ಚಿ ಕೂರಿಸಿ, ಒಂದು ದಿನ ಬಿಟ್ಟು, ಆಮೇಲೆ ಆ ಬುಶ್ಶನ್ನೇ ಹಿಡಿತವಾಗಿಸಿಕೊಂಡು ಲೇತಿನಲ್ಲಿ ಗುಂಡು ಕಡೆದರೆ ಗುಂಡಿನ ನಡುವೂ ರಾಡಿನ ನಡುವೂ ಒಂದೇ ಗೆರೆಯಲ್ಲಿ ಬರುತ್ತವೆ. ಮೊದಲು ಗುಂಡು ಕಡೆದು ಆಮೇಲೆ ತೂತು ಕೊರೆದರೆ ಕೂದಲೆಳೆಯಷ್ಟು ವಾರೆಯಾದರೂ ಕೈಗೆ ಗೊತ್ತಾಗುತ್ತದೆ.

ಹೊಳಪಿಗೆ ಏನು ಹಚ್ಚುವುದು? ಚನ್ನಪಟ್ಟಣದ ಗೊಂಬೆಯಂತೆ ಅರಗಿನ ಬಣ್ಣ ಕೊಡಿಸುವ ಆಸೆಯಾಗುವುದು ಸಹಜ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಿಕ್ಕಾಟದ ಬಿಸಿಗೇ ಅದನ್ನು ಕರಗಿಸಿ ಹರಡಿ, ಕೇದಗೆ ಗರಿಯಿಂದ ಉಜ್ಜಿ ಹೊಳಪು ತರುವ ಆ ಕಸುಬಿಗೆ ಸಾಟಿಯಿಲ್ಲ. ಆದರೆ ಬಿಸಿಗೆ ಕರಗುವ ಗುಣವೇ ಇಲ್ಲಿ ತೊಂದರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅರಗು ಮೆತ್ತಗಾಗಿ ಬೆರಳಚ್ಚು ಹಿಡಿಯಬಹುದು. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಒಣಗುವ ಎಣ್ಣೆಯಲ್ಲ, ಅಂಟಾಗಿ ಉಳಿದು ಕೊನೆಗೆ ಕಮಟುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. ತೆಳ್ಳಗೆ ಮೂರ್ನಾಲ್ಕು ಸಲ, ಪ್ರತಿ ಸಲ ಪೂರ್ತಿ ಒಣಗಲು ಬಿಟ್ಟು ಹಚ್ಚಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಬೇಕು.

ಎತ್ತರದ ಲೆಕ್ಕವೂ ಇದೆ. ರಾಡು ತಿರುಗುವ ಬಿಂದುವಿನಿಂದ ಗುಂಡಿನವರೆಗೆ 30 ಸೆಂ.ಮೀ. ಇದ್ದು, ಹೊಸ ಗುಂಡು 3 ಸೆಂ.ಮೀ. ತಗ್ಗಿನಲ್ಲಿ ಕೂತರೆ ಕೈ ಓಡಾಡುವ ದೂರ ನೂರಕ್ಕೆ ಹತ್ತು ಕಡಿಮೆ, ಹಾಕಬೇಕಾದ ಬಲ ನೂರಕ್ಕೆ ಹನ್ನೊಂದು ಹೆಚ್ಚು. ಕೆಮ್ಮಣ್ಣುಗುಂಡಿಯ ತಿರುವುಗಳಲ್ಲಿ ಗೇರ್ ಬೇಗ ಬೀಳುವುದು ಖುಷಿಯೇ, ಆದರೆ ಸಂಜೆ ಮಣಿಕಟ್ಟು ಅದರ ಲೆಕ್ಕ ಕೇಳುತ್ತದೆ. ಹಳೆಯ ನಾಬಿನ ಎತ್ತರವನ್ನೇ ಉಳಿಸಿಕೊಳ್ಳುವುದು ಹೆಚ್ಚಿನವರಿಗೆ ಹಿತ.

ಕೂರಿಸುವಾಗ ರಾಡಿನ ಥ್ರೆಡ್ಡಿನ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ತೆಗೆದು, ಮೊದಲು ಲಾಕ್ ನಟ್ ಹಾಕಿ, ಮೇಲೆ ಗುಂಡನ್ನು ತಿರುಗಿಸಬೇಕು. ಅಂಕಿಗಳು ಚಾಲಕನಿಗೆ ನೇರವಾಗಿ ಕಾಣುವಲ್ಲಿ ನಿಲ್ಲಿಸಿ, ಕೆಳಗಿನಿಂದ ನಟ್ ಬಿಗಿದರೆ ಗುಂಡು ಅಲ್ಲೇ ನಿಲ್ಲುತ್ತದೆ. ಫೆವಿಕ್ವಿಕ್ ಹಾಕಿ ಅಂಟಿಸಿದರೆ ಮುಂದೆ ಯಾರಾದರೂ ಅದನ್ನು ಒಡೆದೇ ತೆಗೆಯಬೇಕಾಗುತ್ತದೆ. ಗೇರಿನ ನಕ್ಷೆ ಕೆತ್ತಿಸುವುದನ್ನೂ ಬಿಡಬಾರದು. ರಿವರ್ಸ್ ಒಂದು ಕಾರಿನಲ್ಲಿ ಎಡಕ್ಕೆ ಮೇಲೆ, ಇನ್ನೊಂದರಲ್ಲಿ ಬಲಕ್ಕೆ ಕೆಳಗೆ. ತುರ್ತಿಗೆಂದು ಕಾರು ಹತ್ತಿದ ಇನ್ನೊಬ್ಬರಿಗೆ ಅದು ತಿಳಿಯುವುದು ಈ ಕೆತ್ತನೆಯಿಂದಲೇ.

ಹೊರಡುವ ಮೊದಲು ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಒತ್ತಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಒಂದಕ್ಕೆ, ಮೂರಕ್ಕೆ ಹೋದಾಗ ಬೆರಳಗೆಣ್ಣು ಡ್ಯಾಶ್‌ಬೋರ್ಡಿಗೆ ತಾಗುತ್ತದೆಯೇ, ಎರಡಕ್ಕೆ, ನಾಲ್ಕಕ್ಕೆ ಎಳೆದಾಗ ಗುಂಡು ಸೀಟಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆಯೇ, ರಿವರ್ಸಿನ ಉಂಗುರ ಪೂರ್ತಿ ಎದ್ದು ಮತ್ತೆ ಕೆಳಗೆ ಕೂರುತ್ತದೆಯೇ ಎಂದು ಪರೀಕ್ಷಿಸಬೇಕು. ಎಲ್ಲ ಸರಿಯಿದ್ದರೆ ಸವೆದ ಹಳೆಯ ನಾಬನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಲೇತ್ ಮೇಸ್ತ್ರಿಗೆ ಎತ್ತರ, ದಪ್ಪ, ಥ್ರೆಡ್ಡು ಮೂರರ ಅಳತೆಯೂ ಅದರಲ್ಲೇ ಇರುತ್ತದೆ.