ಜೇಬಿನ ಚಾಕುವಿಗೆ ಬೀಗ ಬೇಕೇ?

ಜೇಬಿನಲ್ಲಿ ಸದಾ ಒಂದು ಮಡಚುವ ಚಾಕು ಇಟ್ಟುಕೊಳ್ಳುವವರು ಹಲವು ದೇಶಗಳಲ್ಲಿದ್ದಾರೆ. ಪೊಟ್ಟಣದ ದಾರ ಕತ್ತರಿಸಲು, ಹಣ್ಣು ಹೆಚ್ಚಲು, ಕಡ್ಡಿ ಹೆರೆಯಲು ಅದು ಬೇಕು. ಇವರಲ್ಲಿ ಚಾಕುವಿನ ಹುಚ್ಚು ಹಿಡಿದವರು ಉಕ್ಕು, ಹಿಡಿ, ತೂಕ ಎಂದು ಗಂಟೆಗಟ್ಟಲೆ ವಾದಿಸುವುದುಂಟು. ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಬಿಚ್ಚಿದ ಅಲಗಿಗೆ ಬೀಗ ಬೇಕೇ, ಬೇಡವೇ?

ಬೀಗವಿಲ್ಲದ ಚಾಕುಗಳಲ್ಲಿ ಸಾಮಾನ್ಯವಾಗಿ ಹಿಡಿಯ ಬೆನ್ನಿಗಿರುವ ಉಕ್ಕಿನ ಪಟ್ಟಿಯೊಂದು ಸ್ಪ್ರಿಂಗಿನಂತೆ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ 'ಅಧಿಕಾರಿಗಳ ಚಾಕು' ಈ ಜಾತಿಯದು. ಇಂದಿನ ಕೆಂಪು ಹಿಡಿಯ ಸ್ವಿಸ್ ಚಾಕು ಅದರ ವಂಶದ್ದೇ. ಜಪಾನಿನ ಮಿಕಿ ಊರಿನ 'ಹಿಗೊನೊಕಾಮಿ'ಯಲ್ಲಂತೂ ಸ್ಪ್ರಿಂಗೂ ಇಲ್ಲ. ಅಲಗಿನ ಬಾಲವನ್ನು ಹೆಬ್ಬೆರಳಿನಿಂದ ಅದುಮಿಕೊಂಡೇ ಕೆಲಸ ಮಾಡಬೇಕು. ಅಲ್ಲಿನ ಶಾಲಾ ಮಕ್ಕಳು ಬಹುಕಾಲ ಪೆನ್ಸಿಲ್ ಹೆರೆಯುತ್ತಿದ್ದುದು ಇದರಿಂದಲೇ.

ಎಳೆದು ಕೊಯ್ಯುವಾಗ ಇಂಥ ಚಾಕುಗಳು ತೊಂದರೆ ಕೊಡುವುದಿಲ್ಲ. ಆದರೆ ತುದಿಯನ್ನು ಗಟ್ಟಿ ಮರಕ್ಕೆ ಚುಚ್ಚಿ ಒತ್ತಿದರೆ ಅಲಗು ಥಟ್ಟನೆ ಮಡಚಿಕೊಳ್ಳಬಹುದು. ಆಗ ಅದರ ದಾರಿಯಲ್ಲಿರುವುದು ನಮ್ಮ ಬೆರಳುಗಳೇ!

ಇದಕ್ಕೊಂದು ಸರಳ ಪರಿಹಾರ ಬಂದದ್ದು ಫ್ರಾನ್ಸಿನ ಸವೋಯ್ ಸೀಮೆಯಿಂದ. ಅಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಅಗ್ಗದ ಚಾಕುವೊಂದನ್ನು ರೂಪಿಸಿದ್ದರು. ಅವರ ಮಗ ಮಾರ್ಸೆಲ್ 1955ರಲ್ಲಿ ಅದರ ಕತ್ತಿಗೆ ತಿರುಗುವ ಉಕ್ಕಿನ ಬಳೆಯೊಂದನ್ನು ತೊಡಿಸಿದರು. ಬಳೆ ತಿರುಗಿಸಿದರೆ ಅಲಗು ಮಡಚುವಂತಿಲ್ಲ. ಅಷ್ಟೇ ಉಪಾಯ. 1981ರಲ್ಲಿ ಅಮೆರಿಕದ ಸ್ಪೈಡರ್ಕೊ ಸಂಸ್ಥೆ ಅಲಗಿನಲ್ಲಿ ದುಂಡು ರಂಧ್ರ, ಹಿಡಿಗೆ ಜೇಬಿನ ಕ್ಲಿಪ್ಪು ಇರುವ ಬೀಗದ ಚಾಕು ತಂದಿತು. ಹೆಬ್ಬೆರಳನ್ನು ರಂಧ್ರಕ್ಕೆ ಒತ್ತಿ ಒಂದೇ ಕೈಯಲ್ಲಿ ಬಿಚ್ಚಬಹುದಾದ ಈ ಬಗೆ ಚಾಕುಪ್ರಿಯರ ಮನಸ್ಸು ಗೆದ್ದಿತು.

ಆದರೆ ಬೆರಳು ಕಾಯುವ ಬೀಗವೇ ಕಾನೂನಿನ ಕಣ್ಣಿಗೆ ಬೇರೆಯಾಗಿ ಕಂಡಿತು. ಮಡಚಿಕೊಳ್ಳದ ಅಲಗು ಇರಿಯುವುದಕ್ಕೂ ಒದಗುತ್ತದೆಯಲ್ಲವೇ? ಬ್ರಿಟನ್ನಿನ 1988ರ ಕಾಯ್ದೆಯಂತೆ ಸಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಒಯ್ಯಬಹುದಾದದ್ದು 3 ಅಂಗುಲ ಮೀರದ ಅಂಚಿನ ಮಡಚುವ ಚಾಕು ಮಾತ್ರ. ಬೀಗವಿದ್ದರೆ ಅದು ಈ ವಿನಾಯಿತಿಗೆ ಸೇರದೆಂದು ಅಲ್ಲಿನ ನ್ಯಾಯಾಲಯ ಆಮೇಲೆ ತೀರ್ಮಾನಿಸಿತು. ಜರ್ಮನಿಯಲ್ಲಿ 2008ರಿಂದ ಒಂದೇ ಕೈಯಲ್ಲಿ ಬಿಚ್ಚಿ ಬೀಗ ಬೀಳುವ ಚಾಕುವನ್ನು ಯೋಗ್ಯ ಕಾರಣವಿಲ್ಲದೆ ಒಯ್ಯುವಂತಿಲ್ಲ. 8.5 ಸೆಂಟಿಮೀಟರ್ ಅಲಗಿನ, ಬಳೆ ತೊಟ್ಟ 8ನೇ ನಂಬರಿನ ಒಪಿನೆಲ್ ಫ್ರಾನ್ಸಿನಲ್ಲಿ ಬುತ್ತಿಯ ಸಂಗಾತಿ. ಅದೇ ಚಾಕು ಲಂಡನ್ನಿನ ಬೀದಿಯಲ್ಲಿ ಉದ್ದಕ್ಕೂ ಬೀಗಕ್ಕೂ ಎರಡು ಸಲ ತಪ್ಪುಗಾರ!

ಹೀಗಾಗಿ ಚಾಕುಪ್ರಿಯರ ಅಭಿರುಚಿ ಅವರದೊಬ್ಬರದೇ ಆಯ್ಕೆಯಲ್ಲ. ಬ್ರಿಟನ್ನಿನಲ್ಲಿ ಬೀಗವಿಲ್ಲದ ಚಾಕುವಿಗೆ ಇಂದಿಗೂ ಅಭಿಮಾನಿಗಳಿರುವುದರ ಹಿಂದೆ ಹಳೆಯದರ ಮೋಹದಷ್ಟೇ ಕಾಯ್ದೆಯೂ ಇದೆ. ಸ್ಪೈಡರ್ಕೊ ಸಂಸ್ಥೆಯೇ ಆ ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಬೀಗವಿಲ್ಲದ ಮಾದರಿಯೊಂದನ್ನು ಮಾಡಿತು. ಅಂಥ ಚಾಕು ಬಳಸುವವರು ಮೊದಲು ಕಲಿಯಬೇಕಾದ ಪಾಠ ಚಿಕ್ಕದು: ಅಂಚಿನಿಂದ ಕೊಯ್ಯಿರಿ, ತುದಿಯಿಂದ ಒತ್ತಬೇಡಿ. ಬೀಗ ಮಾಡುವ ಕೆಲಸವನ್ನು ಅಲ್ಲಿ ಕೈಯ ಅಭ್ಯಾಸವೇ ಮಾಡಬೇಕು.