ತೃಪ್ಪೂಣಿತುರದ ಕಸ್ತೂರಿ, ಮೈಸೂರಿನ ಆಕಾಶವಾಣಿ

ಆಲುವಾದಿಂದ ಹೊರಡುವ ಕೊಚ್ಚಿ ಮೆಟ್ರೋ ರೈಲು 2024ರ ಮಾರ್ಚ್ ತಿಂಗಳಿನಿಂದ ತೃಪ್ಪೂಣಿತುರದವರೆಗೂ ಓಡುತ್ತಿದೆ. ಕೊಚ್ಚಿ ರಾಜವಂಶದ ಊರೆಂದು, ಹಿಲ್ ಪ್ಯಾಲೇಸ್ ವಸ್ತುಸಂಗ್ರಹಾಲಯವನ್ನು ನೋಡಲೆಂದು, ಓಣಂಗೆ ಮೊದಲು ನಡೆಯುವ ಅತ್ತಚ್ಚಮಯದ ಮೆರವಣಿಗೆಗೆಂದು ಇಲ್ಲಿ ನೆಲೆಸಿರುವ ನಾವೆಲ್ಲರೂ ಒಂದಲ್ಲ ಒಂದು ಬಾರಿ ಅಲ್ಲಿಗೆ ಹೋಗಿಬಂದವರೇ. ಊರಿನಿಂದ ನೆಂಟರು ಬಂದರೆ ಕರೆದೊಯ್ಯುವ ಸ್ಥಳಗಳ ಪಟ್ಟಿಯಲ್ಲಿ ಅದಕ್ಕೆ ಖಾಯಂ ಸ್ಥಾನವಿದೆ. ಆದರೆ ಕನ್ನಡಿಗರಾದ ನಮಗೆ ಆ ಊರಿನೊಡನೆ ಇರುವ ಇನ್ನೊಂದು ಸಂಬಂಧವನ್ನು ನೆಂಟರಿಗೆ ಹೇಳಿದವರು ವಿರಳ. ಕನ್ನಡದ ಹಾಸ್ಯಸಾಹಿತಿ ನಾ. ಕಸ್ತೂರಿ 1897ರ ಡಿಸೆಂಬರ್ 25ರಂದು ಜನಿಸಿದ್ದು ಇದೇ ತೃಪ್ಪೂಣಿತುರದಲ್ಲಿ. ಓದಿದ್ದು ತಿರುವನಂತಪುರದಲ್ಲಿ. ಕನ್ನಡ ಅವರ ಮನೆಮಾತಲ್ಲ. ಅಧ್ಯಾಪಕ ವೃತ್ತಿಯನ್ನು ಅರಸಿ ಮೈಸೂರಿಗೆ ಹೋದ ಮೇಲೆ ಕಲಿತ ಭಾಷೆ ಅದು. ಹಾಗೆ ಕಲಿತ ಭಾಷೆಯಲ್ಲಿ ಕನ್ನಡಿಗರನ್ನು ನಗಿಸಿದ ಈ ಮಹನೀಯರೇ ‘ಆಕಾಶವಾಣಿ’ ಎಂಬ ಹೆಸರನ್ನು ಬಾನುಲಿಗೆ ಕೊಟ್ಟವರೆಂದು ಪ್ರಸಿದ್ಧರು.

ಈಗಿನ ಯುವಕರಲ್ಲಿ ಹಲವರು ಒಂದು ಮೊಬೈಲ್, ಒಂದು ಮೈಕು ಹಿಡಿದು ತಮ್ಮ ಕೋಣೆಯಿಂದಲೇ ಲೋಕಕ್ಕೆ ಮಾತನಾಡುತ್ತಾರೆ. ಅಪ್ಪಣೆ ಬೇಡ, ಕಚೇರಿ ಬೇಡ, ಬಂಡವಾಳವೂ ಹೆಚ್ಚು ಬೇಡ. ಇದು ಪಾಶ್ಚಾತ್ಯರಿಂದ ಬಂದ ಹೊಸ ಸಂಸ್ಕೃತಿಯೆಂದು ನಮ್ಮ ವಯಸ್ಸಿನವರು ತಿಳಿದಿರುವುದುಂಟು. ಆದರೆ ಕನ್ನಡದ ಬಾನುಲಿಯ ಆರಂಭವೇ ಒಂದು ಮನೆಯ ಕೋಣೆಯಲ್ಲಿ ಆಯಿತು. ಸರ್ಕಾರದ ಆದೇಶದಿಂದಲ್ಲ, ವ್ಯಾಪಾರಿಗಳ ಲಾಭದ ಆಸೆಯಿಂದಲೂ ಅಲ್ಲ.

ಆ ಮನೆಯ ಹೆಸರು ‘ವಿಠ್ಠಲ ವಿಹಾರ’. ಮನೆಯ ಯಜಮಾನರು ಡಾ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಮನಶ್ಶಾಸ್ತ್ರವನ್ನು ಅಧ್ಯಯನ ಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದವರು; ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರು. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆಯಿಂದ ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕ ಯಂತ್ರದ ಮೂಲಕ ಪ್ರಸಾರವನ್ನು ಪ್ರಾರಂಭಿಸಿದರು. 30 ವ್ಯಾಟ್ ಎಂದರೆ ಆ ಕಾಲದ ದೇವರ ಕೋಣೆಯ ಸಣ್ಣ ಬಲ್ಬಿಗೆ ಬೇಕಾಗುತ್ತಿದ್ದಷ್ಟು ವಿದ್ಯುತ್ತು. ಅಷ್ಟು ಶಕ್ತಿಯ ಅಲೆ ಊರು ದಾಟಿ ಬಹಳ ದೂರ ಹೋಗಲಾರದು. ಆದರೂ ಊರಿನ ಗಾಯಕನ ಹಾಡು, ಊರಿನ ವಿದ್ವಾಂಸನ ಮಾತು ತಂತಿಯ ಹಂಗಿಲ್ಲದೆ ಗಾಳಿಯಲ್ಲಿ ತೇಲಿಬಂದು ನಾಲ್ಕು ಬೀದಿಗಳಾಚೆಯ ಮನೆಯಲ್ಲಿ ಕೇಳಿಸಿತೆಂದರೆ ಅಂದಿನ ಮೈಸೂರಿಗರಿಗೆ ಎಷ್ಟು ಸೋಜಿಗವಾಗಿರಬೇಕು! ಮುಂದೆ 250 ವ್ಯಾಟ್ ಶಕ್ತಿಯ ಯಂತ್ರ ಬಂದಿತು.

ಈ ಸಾಹಸದ ಬೆಲೆ ತಿಳಿಯಬೇಕಾದರೆ ಆ ಕಾಲದ ದೇಶದ ಸ್ಥಿತಿಯನ್ನು ನೋಡಬೇಕು. 1927ರ ಜುಲೈನಲ್ಲಿ ಮುಂಬಯಿಯಲ್ಲಿಯೂ ಆಗಸ್ಟ್‌ನಲ್ಲಿ ಕಲ್ಕತ್ತಾದಲ್ಲಿಯೂ ಪ್ರಸಾರವನ್ನು ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು ಮೂರು ವರ್ಷವೂ ತುಂಬುವ ಮೊದಲೇ, 1930ರಲ್ಲಿ ಮುಚ್ಚಿಹೋಯಿತು. ಷೇರು ಬಂಡವಾಳವಿದ್ದ, ದೊಡ್ಡವರ ಬೆಂಬಲವಿದ್ದ ಕಂಪನಿಯದೇ ಆ ಗತಿ. ಲೆಕ್ಕದ ಪುಸ್ತಕ ನೋಡಿಯೇ ತಲೆ ನರೆತ ನನ್ನಂತಹ ಬ್ಯಾಂಕ್ ನೌಕರನ ಮುಂದೆ ಗೋಪಾಲಸ್ವಾಮಿಯವರು ಸಾಲದ ಅರ್ಜಿ ಹಿಡಿದು ಬಂದಿದ್ದರೆ ನಾನು ಖಂಡಿತವಾಗಿ ತಿರಸ್ಕರಿಸುತ್ತಿದ್ದೆ. ಆದಾಯದ ಮೂಲವಿಲ್ಲ, ಅಡಮಾನವಿಲ್ಲ, ಅದೇ ಉದ್ಯಮದಲ್ಲಿ ಹಿಂದಿನವರು ದಿವಾಳಿ! ಅವರು ಬ್ಯಾಂಕನ್ನು ನೆಚ್ಚದೆ ಸ್ವಂತ ಹಣ ಹಾಕಿದರು. ಊರಿನ ನಗರಸಭೆಯ ನೆರವು, ಸಹೃದಯರ ವಂತಿಗೆ ಜೊತೆಗೂಡಿದವು. ಆರು ವರ್ಷಕ್ಕೂ ಮಿಕ್ಕಿ ನಿಲಯವು ಹೀಗೆಯೇ ನಡೆದು, 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರದ ವಶಕ್ಕೆ ಬಂದಿತು. ದೆಹಲಿಯ ಸರ್ಕಾರ ತನ್ನ ಬಾನುಲಿಗೆ ‘ಆಲ್ ಇಂಡಿಯಾ ರೇಡಿಯೋ’ ಎಂದು ನಾಮಕರಣ ಮಾಡಿದ್ದು 1936ರ ಜೂನ್‌ನಲ್ಲಿ. ಮೈಸೂರಿನ ಪ್ರಾಧ್ಯಾಪಕರ ಪ್ರಸಾರಕ್ಕೆ ಅಷ್ಟರಲ್ಲಿ ಒಂಬತ್ತು ತಿಂಗಳು ತುಂಬುತ್ತಿತ್ತು.

ಇನ್ನು ಹೆಸರಿನ ವಿಚಾರ. ಕಸ್ತೂರಿಯವರು ಆಗ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಅಧ್ಯಾಪಕರು. ಗೋಪಾಲಸ್ವಾಮಿಯವರ ನಿಲಯದಲ್ಲಿ ಸಹಾಯಕರಾಗಿ ದುಡಿದರು. ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ಅವರೇ ಎಂಬುದು ಹೆಚ್ಚಿನವರು ಒಪ್ಪಿರುವ ಮಾತು. ಗೋಪಾಲಸ್ವಾಮಿಯವರೇ ಇಟ್ಟ ಹೆಸರೆನ್ನುವವರೂ ಇದ್ದಾರೆ. ಬಂಗಾಳದ ಕಡೆಯವರನ್ನು ಕೇಳಿದರೆ ಅದು ರವೀಂದ್ರನಾಥ ಠಾಕೂರರ ಕೊಡುಗೆ ಎಂದಾರು. ಠಾಕೂರರು ಆ ಪದವನ್ನು ಕಲ್ಕತ್ತಾದ ಬಾನುಲಿಗಾಗಿ ಬಳಸಿದ್ದು 1930ರ ದಶಕದ ಕೊನೆಯಲ್ಲಿ. ಮೈಸೂರಿನ ನಿಲಯ ಅದಕ್ಕೂ ಹಿಂದಿನದು. 1950ರ ದಶಕದ ಉತ್ತರಾರ್ಧದಲ್ಲಿ ಈ ಹೆಸರು ಇಡೀ ದೇಶದ ಬಾನುಲಿಗೆ ಸಂದಿತು. 2023ರ ಮೇ ತಿಂಗಳಲ್ಲಂತೂ ಪ್ರಸಾರ ಭಾರತಿಯು ‘ಆಲ್ ಇಂಡಿಯಾ ರೇಡಿಯೋ’ ಎಂಬುದನ್ನು ಕೈಬಿಟ್ಟು ‘ಆಕಾಶವಾಣಿ’ ಎಂದಷ್ಟೇ ಬಳಸಬೇಕೆಂದು ಆದೇಶ ಹೊರಡಿಸಿತು. ತಮಿಳುನಾಡಿನಲ್ಲಿ ಅದಕ್ಕೆ ವಿರೋಧ ಬಂದುದೂ ಉಂಟು.

ಪದವೇನೋ ಹಳೆಯದು, ಪುರಾಣಗಳದು. ತಂಗಿ ದೇವಕಿಯನ್ನು ಮದುವೆಯ ರಥದಲ್ಲಿ ಕರೆದೊಯ್ಯುತ್ತಿದ್ದ ಕಂಸನಿಗೆ ಅಶರೀರವಾಣಿ ಕೇಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ದೇವಕಿ ವಸುದೇವರನ್ನು ಸೆರೆಯಲ್ಲಿಟ್ಟ ಕಂಸನಿಗೂ ಆ ವಾಣಿಯನ್ನು ಸೆರೆಹಿಡಿಯಲಾಗಲಿಲ್ಲ. ದೇಹವಿಲ್ಲದ, ಅರಸನಿಗೂ ಅಂಕೆಯಿಲ್ಲದ ಧ್ವನಿ! ಪ್ರೇಷಕ ಯಂತ್ರದಿಂದ ಹೊರಡುವ ಮಾತಿಗೆ ಈ ಹೆಸರನ್ನಿಡುವಾಗ ಕಸ್ತೂರಿಯವರ ತುಟಿಯಂಚಿನಲ್ಲಿ ನಗೆಯೊಂದು ಸುಳಿದಿರಬಹುದೇ ಎಂದು ನನಗೆ ಅನುಮಾನ. ಏಕೆಂದರೆ ಪದಗಳೊಡನೆ ಆಟವಾಡುವುದು ಅವರ ಹುಟ್ಟುಗುಣ. ಅವರ ‘ಅನರ್ಥಕೋಶ’ವು ಪದಗಳಿಗೆ ಸಲ್ಲದ ಅರ್ಥಗಳನ್ನು ಕೊಟ್ಟು ನಗಿಸುವ ನಿಘಂಟು. ನಿಘಂಟನ್ನೇ ಗೇಲಿ ಮಾಡಬೇಕಾದರೆ ಆ ಭಾಷೆಯ ಸಂದುಗೊಂದುಗಳೆಲ್ಲ ತಿಳಿದಿರಬೇಕಲ್ಲವೇ? ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಮಾಸಿಕದ ಪ್ರಮುಖ ಲೇಖಕರಲ್ಲಿ ಕಸ್ತೂರಿಯವರೂ ಒಬ್ಬರು. ಆರ್.ಕೆ. ಲಕ್ಷ್ಮಣರ ವ್ಯಂಗ್ಯಚಿತ್ರಗಳು ಪ್ರಕಟವಾಗುತ್ತಿದ್ದ ಪತ್ರಿಕೆ ಅದು.

ನಗೆಬರಹವಷ್ಟೇ ಅವರ ಬದುಕಲ್ಲ. ಮೈಸೂರಿನ ರಾಮಕೃಷ್ಣ ಆಶ್ರಮದ ಕಾರ್ಯದರ್ಶಿಯಾಗಿ ಹಲವು ವರ್ಷ ಸೇವೆ ಸಲ್ಲಿಸಿದರು. ಮುಂದೆ ಬೆಂಗಳೂರು ಆಕಾಶವಾಣಿಯಲ್ಲಿಯೂ ಕೆಲಕಾಲ ಕೆಲಸ ಮಾಡಿದರು. ಅನಂತರ ಪುಟ್ಟಪರ್ತಿಗೆ ತೆರಳಿ, ಸತ್ಯಸಾಯಿಬಾಬಾ ಅವರ ಚರಿತ್ರಕಾರರಾಗಿ 1987ರಲ್ಲಿ ದೈವಾಧೀನರಾಗುವವರೆಗೂ ಅಲ್ಲಿಯೇ ಉಳಿದರು. ದೇಶದ ಬೇರೆ ಭಾಗದವರು ಅವರನ್ನು ಬಲ್ಲುದು ಈ ಕೊನೆಯ ಅಧ್ಯಾಯದಿಂದ. ನಮಗೆ ಮುಖ್ಯವಾದುದು ಮೈಸೂರಿನ ಅಧ್ಯಾಯ.

ತಾವೇ ಯಂತ್ರ ಕಟ್ಟಿ ತಾವೇ ಮಾತನಾಡುವ ಈ ಛಲಕ್ಕೆ ಐರ್ಲೆಂಡಿನಲ್ಲೊಂದು ಹಿರಿಯ ನಿದರ್ಶನವಿದೆ. 1916ರ ಈಸ್ಟರ್ ದಂಗೆಯಲ್ಲಿ ಡಬ್ಲಿನ್ನಿನ ಬಂಡುಕೋರರು ನಿಸ್ತಂತು ತರಬೇತಿ ಶಾಲೆಯೊಂದನ್ನು ಹಿಡಿದು, ಅಲ್ಲಿ ಕೆಟ್ಟುಬಿದ್ದಿದ್ದ ಪ್ರೇಷಕವನ್ನು ದುರಸ್ತಿ ಮಾಡಿ, ಗಣರಾಜ್ಯ ಘೋಷಣೆಯಾದ ಸುದ್ದಿಯನ್ನು ಮೋರ್ಸ್ ಸಂಕೇತದಲ್ಲಿ ಲೋಕಕ್ಕೆ ಬಿತ್ತರಿಸಿದರು. ನಿರ್ದಿಷ್ಟ ವ್ಯಕ್ತಿಗಲ್ಲದೆ ‘ಯಾರು ಕೇಳುವರೋ ಅವರಿಗೆ’ ಎಂದು ಕಳುಹಿದ ಸಂದೇಶವಾದ್ದರಿಂದ ಅದನ್ನೇ ಮೊದಲ ಬಾನುಲಿ ಪ್ರಸಾರವೆನ್ನುವವರಿದ್ದಾರೆ. ಐರಿಷರ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ಕವಿ ಕುವೆಂಪು ಅವರಿಗೆ ಯೌವನದಲ್ಲಿ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆಯಿರೆಂದು ಹೇಳಿದ ಜೇಮ್ಸ್ ಕಸಿನ್ಸ್ ಐರಿಷ್ ಕವಿ. ಅವರೇ ಮುಂದೆ ತಿರುವಾಂಕೂರು ಸಂಸ್ಥಾನದ ಕಲಾ ಸಲಹೆಗಾರರಾಗಿ ತಿರುವನಂತಪುರದ ಶ್ರೀಚಿತ್ರಾ ಕಲಾಶಾಲೆಯನ್ನು ರೂಪಿಸಿದರು. ಆ ಚಿತ್ರಶಾಲೆ ಬಾಗಿಲು ತೆರೆದುದು 1935ರ ಸೆಪ್ಟೆಂಬರ್‌ನಲ್ಲಿ, ಅಂದರೆ ಮೈಸೂರಿನ ಮನೆಯಿಂದ ಪ್ರಸಾರ ಆರಂಭವಾದ ತಿಂಗಳಲ್ಲಿಯೇ. ಕಾಕತಾಳೀಯವಷ್ಟೇ, ಆದರೂ ತಿರುವನಂತಪುರದ ಓದುಗರಿಗೆ ಸಂತೋಷವಾದೀತೆಂದು ಬರೆದೆ.

ತಿರುವನಂತಪುರಕ್ಕೆ ಸ್ವಂತ ಬಾನುಲಿ ಬಂದುದು 1943ರಲ್ಲಿ. ಅಲ್ಲಿ ಎಲ್ಲವೂ ಅರಮನೆಯ ಮಾರ್ಗದಲ್ಲಿಯೇ ನಡೆಯಿತು. ಸಂಸ್ಥಾನದ ನಿಲಯ, ಮಹಾರಾಜ ಚಿತ್ತಿರ ತಿರುನಾಳ್ ಅವರಿಂದ ಉದ್ಘಾಟನೆ. 1950ರ ಏಪ್ರಿಲ್ 1ರಂದು ಮೈಸೂರು ಮತ್ತು ತಿರುವನಂತಪುರದ ನಿಲಯಗಳೆರಡೂ ಒಂದೇ ದಿನ ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೋದಲ್ಲಿ ಲೀನವಾದವು. ಒಂದು ಅರಸನದು, ಇನ್ನೊಂದು ಮೇಷ್ಟರೊಬ್ಬರ ಮನೆಯಲ್ಲಿ ಹುಟ್ಟಿದ್ದು. ದೆಹಲಿಯ ಕಡತದಲ್ಲಿ ಆ ಭೇದ ಅಳಿಸಿಹೋಯಿತು. 1955ರಲ್ಲಿ ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನ ಪ್ರಸಾರ ಅಲ್ಲಿಗೆ ಸ್ಥಳಾಂತರಗೊಂಡಿತು. ಮೈಸೂರಿಗೆ ಮತ್ತೆ ತನ್ನ ನಿಲಯ ಸಿಗಲು 1970ರ ದಶಕದವರೆಗೂ ಕಾಯಬೇಕಾಯಿತು.

ನಿಜವಾದ ನಷ್ಟ ಕಟ್ಟಡದ್ದಾಗಲಿ ಯಂತ್ರದ್ದಾಗಲಿ ಅಲ್ಲ. ಗೋಪಾಲಸ್ವಾಮಿಯವರು ಮಾಡಿದ್ದನ್ನು ಸ್ವತಂತ್ರ ಭಾರತದಲ್ಲಿ ಮತ್ತೊಬ್ಬ ಪ್ರಾಧ್ಯಾಪಕ ಮಾಡುವಂತಿರಲಿಲ್ಲ. ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯಿದೆ, 1933ರ ನಿಸ್ತಂತು ಕಾಯಿದೆಗಳು ಹಾಗೆಯೇ ಮುಂದುವರಿದವು. ಪರವಾನಗಿ ಇಲ್ಲದೆ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಸರ್ಕಾರವಲ್ಲದವರಿಗೆ ಪ್ರಸಾರದ ಪರವಾನಗಿ ದೊರೆಯುವ ಮಾರ್ಗವೇ ಇಲ್ಲ. ಕಂಸನಿಗೆ ಆಗದ ಕೆಲಸ ಕಾಯಿದೆಗೆ ಆಯಿತು. 1995ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪಂದ್ಯದ ನೇರ ಪ್ರಸಾರಕ್ಕಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆ ಹೂಡಿದ್ದ ವ್ಯಾಜ್ಯದಲ್ಲಿ, ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ತೀರ್ಪು ಬಂದರೂ ಬಾಗಿಲು ತೆರೆದದ್ದು ನಿಧಾನವಾಗಿ: 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರ ನವೆಂಬರ್‌ನಲ್ಲಿ ಸೇವಾಸಂಸ್ಥೆಗಳಿಗೆ.

ಈ ನಡುವಿನ ಅವಧಿಯಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಮಾಡಿದ ಉಪಾಯ ವಿಠ್ಠಲ ವಿಹಾರದ ನೇರ ಸಂತಾನವೆಂದೇ ನಾನು ಭಾವಿಸುತ್ತೇನೆ. ಹೈದರಾಲಿ ಹುಟ್ಟಿದ ಊರೆಂದು ಇತಿಹಾಸದಲ್ಲಿ ಓದಿದ ಅದೇ ಬೂದಿಕೋಟೆ. ಯುನೆಸ್ಕೋ ನೆರವಿನಿಂದ, ಮೈರಾಡಾ ಮತ್ತು ವಾಯ್ಸಸ್ ಸಂಸ್ಥೆಗಳ ಒತ್ತಾಸೆಯಿಂದ ಅಲ್ಲಿ ‘ನಮ್ಮ ಧ್ವನಿ’ ಹುಟ್ಟಿತು. ಹಳ್ಳಿಯ ಯುವಕ ಯುವತಿಯರೇ ಧ್ವನಿಮುದ್ರಣ, ಸಂಕಲನಗಳನ್ನು ಕಲಿತರು. ಬೆಳೆ, ನೀರು, ಆರೋಗ್ಯ, ಸ್ತ್ರೀಶಕ್ತಿ ಸಂಘಗಳ ಉಳಿತಾಯ ಇವೇ ಅವರ ವಿಷಯಗಳು. ಗಾಳಿಯಲ್ಲಿ ಬಿತ್ತರಿಸಲು ಕಾನೂನು ಬಿಡದು. ಮೊದಲು ಕ್ಯಾಸೆಟ್ಟುಗಳಲ್ಲಿ ಮುದ್ರಿಸಿ ಜನ ಸೇರಿದಲ್ಲಿ ಕೇಳಿಸಿದರು. 2003ರಿಂದ ಟಿ.ವಿ. ಕೇಬಲ್ಲಿನ ತಂತಿಯಲ್ಲಿಯೇ ಧ್ವನಿಯನ್ನು ಹರಿಸಿ ಮನೆಮನೆಗೆ ತಲುಪಿಸಿದರು. ತಂತಿಯಲ್ಲಿ ಹೋಗುವ ಮಾತಿಗೆ ನಿಸ್ತಂತು ಕಾಯಿದೆ ಅನ್ವಯಿಸದಷ್ಟೇ! ಕೇರಳದಲ್ಲಿ ಇಂಥ ಪ್ರಯತ್ನಕ್ಕೆ ಹೆಸರಾದುದು ವಯನಾಡಿನ ‘ರೇಡಿಯೋ ಮಾಟ್ಟೊಲಿ’. 2009ರಲ್ಲಿ ಆರಂಭವಾಗುವ ಹೊತ್ತಿಗೆ ಅದಕ್ಕೆ ಪರವಾನಗಿಯ ದಾರಿ ತೆರೆದಿತ್ತು.

ಸಂಘದ ಕಾರ್ಯಕ್ರಮಗಳಲ್ಲಿ ಕಿರಿಯರು ಒಮ್ಮೊಮ್ಮೆ ಕೇಳುವುದುಂಟು: ‘ಅಂಕಲ್, ನಮ್ಮದೇ ಒಂದು ಕನ್ನಡ ರೇಡಿಯೋ ಮಾಡಬಹುದಲ್ಲ?’ ನಿಯಮಗಳನ್ನು ಓದಿ ನೋಡಿದೆ. 2006ರ ನೀತಿಯ ಪ್ರಕಾರ ಲಾಭದ ಉದ್ದೇಶವಿಲ್ಲದ, ನೋಂದಾಯಿತವಾಗಿ ಮೂರು ವರ್ಷ ಸೇವೆ ಸಲ್ಲಿಸಿದ ಸಂಸ್ಥೆ ಸಮುದಾಯ ಬಾನುಲಿಗೆ ಅರ್ಜಿ ಹಾಕಬಹುದು. ಪ್ರಸರಣ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಗೋಪುರದ ಎತ್ತರ 30 ಮೀಟರ್ ಮೀರುವಂತಿಲ್ಲ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿಯೇ ತಯಾರಾಗಬೇಕು, ಆದಷ್ಟೂ ಸ್ಥಳೀಯ ಭಾಷೆಯಲ್ಲಿರಬೇಕು. ಈ ಕೊನೆಯ ಷರತ್ತೇ ನಮಗೆ ತೊಡಕು. ಎರ್ನಾಕುಲಂನ ಗಾಳಿಗೆ ಕನ್ನಡವನ್ನು ಸ್ಥಳೀಯ ಭಾಷೆಯೆಂದು ಒಪ್ಪಿಸುವುದು ಹೇಗೆ? ಈಗಾಗಲೇ ನಡೆಯುತ್ತಿರುವ ನಿಲಯವೊಂದರಲ್ಲಿ ವಾರಕ್ಕೊಂದು ಅರ್ಧ ಗಂಟೆ ಕೇಳಿ ಪಡೆಯುವುದು ಹೆಚ್ಚು ಸಾಧ್ಯವಾದ ಮಾತೆಂದು ನನ್ನ ಎಣಿಕೆ.

ಅಲ್ಲಿಯವರೆಗೆ ಪ್ರಸಾರ ಭಾರತಿಯ ಆ್ಯಪ್ ಇದೆ. ಮೈಸೂರು ಆಕಾಶವಾಣಿ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಬೆಳಗಿನ ಮೆಟ್ರೋದಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ‘ಆಕಾಶವಾಣಿ ಮೈಸೂರು’ ಎಂಬ ಉದ್ಘೋಷಣೆ ಕೇಳುತ್ತಿರುವಾಗ, ಮುಂದಿನ ನಿಲ್ದಾಣ ತೃಪ್ಪೂಣಿತುರ ಎಂದು ರೈಲು ಮಲಯಾಳದಲ್ಲಿ ಹೇಳುತ್ತದೆ.