ಹಳೇ ಜೇನು ಪೆಟ್ಟಿಗೆ: ಇಟ್ಟುಕೊಳ್ಳೋದು ಯಾವುದು, ಸುಡೋದು ಯಾವುದು?

ಸಬ್ಸಿಡಿಯಲ್ಲಿ ಬಂದು, ಹುಳ ಹಾರಿಹೋದ ಮೇಲೆ ಅಟ್ಟ ಸೇರಿದ ಜೇನು ಪೆಟ್ಟಿಗೆಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಈಗಲೂ ಸಿಗುತ್ತವೆ. ಅರ್ಧ ಬೆಲೆಗೆ ಕೊಡ್ತೀನಿ ಅನ್ನೋರಿದ್ದಾರೆ, ಸುಮ್ಮನೆ ತಗೊಂಡು ಹೋಗಿ ಅನ್ನೋರೂ ಇದ್ದಾರೆ. ತರಬಹುದಾ? ಖಂಡಿತ ತರಬಹುದು. ಆದರೆ ಮರ ಎಷ್ಟು ಹಳೆಯದು ಅನ್ನೋದಕ್ಕಿಂತ ಅದರಲ್ಲಿದ್ದ ಕುಟುಂಬಕ್ಕೆ ಏನಾಯಿತು ಅನ್ನೋದು ಮುಖ್ಯ. ಮೊದಲು ಅದನ್ನು ಕೇಳಿ, ಆಮೇಲೆ ಬೆಲೆ ಮಾತಾಡಿ.

ಯಾಕೆ ಇಷ್ಟು ಎಚ್ಚರ?

1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಕರ್ನಾಟಕ, ಕೇರಳದ ತುಡುವೆ ಜೇನಿಗೆ ಬಿತ್ತು. ಬಹುಪಾಲು ಪೆಟ್ಟಿಗೆಗಳು ಖಾಲಿಯಾದವು. ಜೇನು ಸಾಕಣೆಗೆ ಹೆಸರಾಗಿದ್ದ ಕೊಡಗೂ ಉಳಿಯಲಿಲ್ಲ. ಈ ರೋಗದಲ್ಲಿ ಮರಿಹುಳು ಕೋಶದೊಳಗೇ ಸತ್ತು, ನೀರು ತುಂಬಿದ ಚೀಲದಂತಾಗುತ್ತೆ. ತಲೆ ಮೇಲೆತ್ತಿಕೊಂಡು ದೋಣಿಯ ಆಕಾರದಲ್ಲಿ ಬಿದ್ದಿರುತ್ತೆ.

ಇನ್ನೊಂದು ಅಮೆರಿಕನ್ ಫೌಲ್‌ಬ್ರೂಡ್. ಇದು ಮುಖ್ಯವಾಗಿ ಮೆಲ್ಲಿಫೆರಾ ಜೇನಿನ ರೋಗ. ಮರಿ ಕಂದು ಬಣ್ಣಕ್ಕೆ ತಿರುಗಿ ಅಂಟಿನಂತಾಗುತ್ತೆ. ಬೆಂಕಿಕಡ್ಡಿ ಚುಚ್ಚಿ ಎತ್ತಿದರೆ ನೂಲಿನ ಹಾಗೆ ಎಳೆ ಬರುತ್ತೆ. ಇದರ ಬೀಜಾಣುಗಳು ಮರದಲ್ಲಿ, ಮೇಣದಲ್ಲಿ 35 ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲವು. ಹತ್ತು ವರ್ಷದಿಂದ ಖಾಲಿ ಇದೆ, ಇನ್ನೇನು ರೋಗ ಇರುತ್ತೆ ಅನ್ನೋ ಮಾತನ್ನು ನಂಬಬೇಡಿ.

ಕೊಡೋರನ್ನು ಕೇಳಬೇಕಾದ ನಾಲ್ಕು ಪ್ರಶ್ನೆ

1. ಹುಳ ಹಾರಿಹೋದವಾ, ಸತ್ತವಾ? ಇರುವೆ ಕಾಟಕ್ಕೆ, ಮಳೆಗಾಲದ ಹಸಿವಿಗೆ ಬಿಟ್ಟುಹೋಗಿದ್ದರೆ ಅಷ್ಟು ಭಯವಿಲ್ಲ. ಮರಿ ಸತ್ತು ಕುಟುಂಬ ಕ್ಷೀಣಿಸಿದ್ದರೆ ಅನುಮಾನ ಪಡಿ.
2. ಯಾವ ಜೇನು ಇತ್ತು? ತುಡುವೆ ಜೇನು ಮರದ ಅಂಟನ್ನು ಹೆಚ್ಚಾಗಿ ತರೋದಿಲ್ಲ. ಚೌಕಟ್ಟಿನ ಕಿವಿಯಲ್ಲಿ, ಸಂದಿನಲ್ಲಿ ಗಟ್ಟಿ ಕಂದು ಅಂಟಿದ್ದರೆ ಅದು ಬಹುತೇಕ ಮೆಲ್ಲಿಫೆರಾ ಇದ್ದ ಪೆಟ್ಟಿಗೆ.
3. ಆಮೇಲೆ ಅದರಲ್ಲಿ ಏನಿಟ್ಟಿದ್ದರು? ಹೊಗೆಸೊಪ್ಪು, ಶುಂಠಿಗೆ ತಂದ ಔಷಧಿ ಇಟ್ಟಿದ್ದರೆ ಬೇಡವೇ ಬೇಡ. ಮರ ಹೀರಿದ ವಿಷ ತೊಳೆದರೂ ಪೂರ್ತಿ ಹೋಗುವುದಿಲ್ಲ.
4. ಗೆದ್ದಲಿಗೆ ಅಂತ ಹಳೇ ಎಂಜಿನ್ ಆಯಿಲ್ ಬಳಿದಿದ್ದಾರಾ? ಒಳಗೆ ಬಳಿದಿದ್ದರೆ ಬಿಟ್ಟುಬಿಡಿ.

ಜೊತೆಗೆ ಅಳತೆ ಪಟ್ಟಿ ಒಯ್ಯಿರಿ. ನ್ಯೂಟನ್ ಪೆಟ್ಟಿಗೆ, ಐಎಸ್ಐ 'ಎ' ಪೆಟ್ಟಿಗೆ ನೋಡೋಕೆ ಒಂದೇ ಥರ ಇದ್ದರೂ ಚೌಕಟ್ಟು ಅದಲುಬದಲಾದರೆ ಸರಿ ಕೂರಲ್ಲ. ತುಡುವೆ ಜೇನಿಗೆ ಓಡಾಡೋಕೆ 7ರಿಂದ 9 ಮಿ.ಮೀ. ಜಾಗ ಬೇಕು. ಹೆಚ್ಚಾದರೆ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ.

ತಂದ ಮೇಲೆ ಮೂರು ಗುಡ್ಡೆ ಮಾಡಿ

*ಸುಡೋದು:* ಹಳೇ ಎರಿ, ಎರಿ ಇರುವ ಚೌಕಟ್ಟು, ಹುಳ ಕೊರೆದ ಹಲಗೆ. ಕಾಸು ಕೊಟ್ಟು ತಂದ ಎರಿ ಅಂತ ಮೋಹ ಬೇಡ. ಫ್ರೀಜರ್‌ನಲ್ಲಿ ಎರಡು ದಿನ ಇಟ್ಟರೆ ಮೇಣದ ಪತಂಗದ ಮೊಟ್ಟೆ, ಹುಳು ಸಾಯುತ್ತವೆ, ನಿಜ. ರೋಗ ಸಾಯೋದಿಲ್ಲ. ಜೇನು ಮೇಣ 62-64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಬೀಜಾಣು ಸಾಯಲು ಆ ಬಿಸಿ ಸಾಲದು. ಗುರುತಿಲ್ಲದ ಮೇಣದಿಂದ ಮೇಣದ ಹಾಳೆ ಮಾಡಿಸಬೇಡಿ. ಎರಿಯಲ್ಲಿ ಉಳಿದ ಜೇನನ್ನು ನಿಮ್ಮ ಹುಳಕ್ಕೆ ತಿನ್ನಿಸಲೂ ಬೇಡಿ. ಸುಡುವಾಗ ಗುಂಡಿ ತೋಡಿ, ಸಂಜೆ ಹುಳ ಹಾರದ ಹೊತ್ತಿನಲ್ಲಿ ಸುಟ್ಟು, ಬೂದಿಯನ್ನು ಮಣ್ಣಿನಲ್ಲಿ ಮುಚ್ಚಿ.

*ಶುದ್ಧ ಮಾಡೋದು:* ಗಟ್ಟಿ ಮರದ ಕೋಣೆ, ಅಡಿಹಲಗೆ, ಮುಚ್ಚಳ, ಖಾಲಿ ಚೌಕಟ್ಟು.

*ಹಾಗೇ ಬಳಸೋದು:* ಕಾಲಿಡುವ ಸ್ಟ್ಯಾಂಡ್, ಇರುವೆ ತಡೆಯುವ ನೀರಿನ ಬಟ್ಟಲು. ಇವನ್ನೂ ತೊಳೆದುಕೊಳ್ಳಿ.

ಶುದ್ಧ ಮಾಡುವ ವಿಧಾನ

ಮೊದಲು ಮೇಣ, ಅಂಟು, ಕಸ ಎಲ್ಲ ಕೆರೆದು ತೆಗೀರಿ. ಕೆಳಗೆ ಹಳೇ ಕಾಗದ ಹಾಸಿ ಕೆರೆದರೆ ಕಸವನ್ನೆಲ್ಲ ಒಟ್ಟಿಗೆ ಸುಡಬಹುದು. ಆಮೇಲೆ 5 ಲೀಟರ್ ಬಿಸಿನೀರಿಗೆ 1 ಕೆಜಿ ವಾಷಿಂಗ್ ಸೋಡಾ ಹರಳು ಹಾಕಿ ಬ್ರಷ್‌ನಿಂದ ಉಜ್ಜಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಅಲ್ಯೂಮಿನಿಯಂ ಸಾಮಾನಿಗೆ ಈ ನೀರು ಬೇಡ, ಅದನ್ನು ತಿನ್ನುತ್ತೆ. ಚೆನ್ನಾಗಿ ತೊಳೆದು ಒಣಗಿಸಿ.

ಪೂರ್ತಿ ಒಣಗಿದ ಮೇಲೆ ಬ್ಲೋ ಲ್ಯಾಂಪ್ ಹಿಡಿದು ಒಳಗಿನ ಮೈಯನ್ನು ಸುಡಬೇಕು. ಮರ ಕರಕಲಾಗುವುದು ಬೇಡ, ಎಲ್ಲ ಕಡೆ ಒಂದೇ ಸಮನೆ ಕಾಫಿ ಬಣ್ಣಕ್ಕೆ ತಿರುಗಿದರೆ ಸಾಕು. ಮೂಲೆ, ಸಂದು, ಚೌಕಟ್ಟು ಕೂರುವ ಗಾಡಿಗೆ ಹೆಚ್ಚು ಗಮನ ಕೊಡಿ. ಬರೀ ಬಿಸಿಲಿಗೆ ಹಾಕಿದರೆ ಈ ಕೆಲಸ ಆಗೋದಿಲ್ಲ. ಬಣ್ಣ ಬಳಿಯೋದಾದರೆ ಹೊರಗೆ ಮಾತ್ರ. ವಾಸನೆ ಪೂರ್ತಿ ಹೋದ ಮೇಲೆಯೇ ಹುಳ ಬಿಡಿ.

ಚಾಕು, ಕೆರೆಯುವ ಉಳಿ ಇವನ್ನೂ ಸೋಡಾ ನೀರಿನಲ್ಲಿ ಉಜ್ಜಿ ಬೆಂಕಿಗೆ ಹಿಡಿಯಿರಿ. ಹಳೇ ಬಟ್ಟೆ, ಚರ್ಮದ ಗ್ಲೌಸ್ ಬಿಟ್ಟು ಹೊಸದು ತಗೊಳ್ಳಿ. ಜೇನು ತೆಗೆಯುವ ಯಂತ್ರ ತುಕ್ಕು ಹಿಡಿದ ತಗಡಿನದಾದರೆ ಬೇಡ. ಜೇನು ಹುಳಿ ಪದಾರ್ಥ, ತುಕ್ಕನ್ನೂ ಬೆಸುಗೆಯ ಸೀಸವನ್ನೂ ಎಳೆದುಕೊಳ್ಳುತ್ತೆ. ಸ್ಟೀಲಿನದ್ದಾದರೆ ತೊಳೆದು ಬಳಸಿ.

ಹುಳ ಬಿಟ್ಟ ಮೇಲೆ

ಹಳೇ ಪೆಟ್ಟಿಗೆಗೆ ಹುಳ ತುಂಬಿದರೆ ಅದನ್ನು ಉಳಿದ ಪೆಟ್ಟಿಗೆಗಳಿಂದ ದೂರ, ತೋಟದ ಇನ್ನೊಂದು ಅಂಚಿನಲ್ಲಿಡಿ. ತುಡುವೆ ಜೇನಿನಲ್ಲಿ ಮೊಟ್ಟೆಯಿಂದ ಕೆಲಸಗಾರ ಹುಳ ಹೊರಬರಲು ಸುಮಾರು 20 ದಿನ ಬೇಕು. ಎರಡು ತಂಡ ಮರಿ ಹೊರಬರುವವರೆಗೆ, ಅಂದರೆ ಸುಮಾರು ಒಂದೂವರೆ ತಿಂಗಳು, ವಾರಕ್ಕೊಮ್ಮೆ ಎರಿ ನೋಡಿ. ಆ ಪೆಟ್ಟಿಗೆಯನ್ನು ಕೊನೆಗೆ ತೆಗೆದು, ಆಮೇಲೆ ಕೈ, ಉಪಕರಣ ತೊಳೆಯಿರಿ. ಅದರ ಎರಿಯನ್ನು ಬೇರೆ ಪೆಟ್ಟಿಗೆಗೆ ಕೊಡಬೇಡಿ.

ಮುಚ್ಚಳ ಕುಸಿದ ಕೋಶ, ಬಣ್ಣ ಕೆಟ್ಟ ಮರಿ, ಕೆಟ್ಟ ವಾಸನೆ ಕಂಡರೆ ಎರಿಯ ಫೋಟೋ ತೆಗೆದು ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೋ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ತೋರಿಸಿ. ಅಂಗಡಿಯಲ್ಲಿ ಯಾರೋ ಕೊಟ್ಟ ಆ್ಯಂಟಿಬಯೋಟಿಕ್ ಪುಡಿಯನ್ನು ಸಕ್ಕರೆ ಪಾಕಕ್ಕೆ ಹಾಕಬೇಡಿ. ಅದು ರೋಗವನ್ನು ಮುಚ್ಚಿಡುತ್ತೆ, ಜೇನಿನಲ್ಲೂ ಉಳಿಯುತ್ತೆ.

ಕಾಫಿ, ಹೊಂಗೆ ಹೂ ಬಿಡೋ ಮಾರ್ಚ್-ಏಪ್ರಿಲ್ ಹೊತ್ತಿಗೆ ಪೆಟ್ಟಿಗೆ ಬಲವಾಗಿರಬೇಕು ಅಂದರೆ ಸುಡೋ, ತೊಳೆಯೋ ಕೆಲಸವನ್ನು ಮಳೆ ಕಡಿಮೆಯಾದ ಕೂಡಲೇ ಮುಗಿಸಿಕೊಳ್ಳಿ. ಒಂದು ಪೆಟ್ಟಿಗೆಗೆ ಅರ್ಧ ದಿನದ ಕೆಲಸ. ಅನುಮಾನದ ಪೆಟ್ಟಿಗೆಯಿಂದ ನಷ್ಟವಾಗೋದು ನಿಮ್ಮೊಬ್ಬರ ಹುಳ ಮಾತ್ರ ಅಲ್ಲ; ಪಕ್ಕದ ತೋಟದವರ ಪೆಟ್ಟಿಗೆ, ಮರದ ಪೊಟರೆಯ ತುಡುವೆ ಎಲ್ಲವೂ ಅದೇ ಹೂವಿಗೆ ಬರುತ್ತವೆ.